ಗಾಳಿಗೆ ಮೂರು ಹೆಸರು

ನನ್ನ ಉದ್ಯೋಗ ಏನೆಂದು ಹೇಳಿದರೆ ಹೊರಗಿನವರು ನಗುತ್ತಾರೆ. ನಮ್ಮ ಊರಿನವರು ನಗುವುದಿಲ್ಲ, ಅವರಿಗೆ ಅಭ್ಯಾಸವಾಗಿಹೋಗಿದೆ. ನಾನು ಬೋಸ್ನಿಯಾದ ಒಂದು ಪುರಸಭೆಯಲ್ಲಿ ಅನುವಾದಕ. ಬೋಸ್ನಿಯನ್ನಿನಿಂದ ಸರ್ಬಿಯನ್ನಿಗೆ, ಸರ್ಬಿಯನ್ನಿನಿಂದ ಕ್ರೊಯೇಷಿಯನ್ನಿಗೆ, ಅಲ್ಲಿಂದ ಮತ್ತೆ ಬೋಸ್ನಿಯನ್ನಿಗೆ. ಮೂರೂ ಒಂದೇ ಭಾಷೆ. ನಾನು ಶಾಲೆಗೆ ಹೋಗುವಾಗ ಒಬ್ಬ ಮೇಷ್ಟ್ರು, ಒಂದು ಪುಸ್ತಕ, ಒಂದು ಬೆತ್ತ, ಅಷ್ಟರಲ್ಲೇ ಕಲಿತಿದ್ದೆವು. ಯುದ್ಧದಲ್ಲಿ ಸೇತುವೆ ಮುರಿಯಿತು, ಮಸೀದಿ ಮುರಿಯಿತು, ಚರ್ಚು ಮುರಿಯಿತು, ಜೊತೆಗೆ ಭಾಷೆಯೂ ಮೂರು ತುಂಡಾಯಿತು. ಸೇತುವೆಯನ್ನು ಮತ್ತೆ ಕಟ್ಟಿದರು. ಭಾಷೆಯ ತುಂಡುಗಳು ಮತ್ತೆ ಅಂಟಿಕೊಳ್ಳದ ಹಾಗೆ ನೋಡಿಕೊಳ್ಳಲು ನನ್ನನ್ನು ನೇಮಿಸಿದರು. ನನ್ನಪ್ಪ ಒಂದು ಜನಾಂಗ, ಅಮ್ಮ ಇನ್ನೊಂದು, ಬಿಟ್ಟುಹೋದ ಹೆಂಡತಿ ಮೂರನೆಯದು. ಹಾಗಾಗಿ ಮೂರೂ ಕಡೆಯವರಿಗೆ ನನ್ನ ಮೇಲೆ ಒಂದೇ ಸಮನಾದ ಅಪನಂಬಿಕೆ. ಈ ಕೆಲಸಕ್ಕೆ ಬೇಕಾದ ಅರ್ಹತೆ ಅದೊಂದೇ.

ಆದರೆ ನಾನು ಹೇಳಹೊರಟಿದ್ದು ಕೆಳಗಿನ ಮಹಡಿಯ ಮೆವ್ಲಿದಕ್ಕನ ಕಥೆ. ಅವಳು ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಮೂವತ್ತೆಂಟು ವರ್ಷ ದುಡಿದವಳು. ಕೆಲಸ ಕೇಳುವುದಕ್ಕೆ ಸುಲಭ. ತಿಂಗಳ ಮೊದಲ ದಿನ ಹೈಸ್ಕೂಲಿನ ಮಾಳಿಗೆ ಹತ್ತಿ, ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ಸ್ವಲ್ಪ ನೀರು ಹಾಕಿ ಇಟ್ಟು ಬರಬೇಕು. ತಿಂಗಳು ತುಂಬಿದ ಮೇಲೆ ಕೆಳಗೆ ತಂದು, ಅದರಲ್ಲಿ ಕೂತ ದೂಳನ್ನು ಬಿಳಿ ಕಾಗದದ ಬಿಲ್ಲೆಯಲ್ಲಿ ಸೋಸಿ, ಒಣಗಿಸಿ, ತೂಗಿ ಬರೆದಿಡಬೇಕು. ಯುದ್ಧ ಶುರುವಾದಾಗ ಪ್ರಯೋಗಾಲಯದ ಮುಖ್ಯಸ್ಥ ರಾತ್ರೋರಾತ್ರಿ ಊರು ಬಿಟ್ಟ. ಜಾಡಿಗಳೆಲ್ಲ ಶೆಲ್ ಬಿದ್ದು ಪುಡಿಯಾದವು. ಮೆವ್ಲಿದಕ್ಕ ಮನೆಯಿಂದ ಉಪ್ಪಿನಕಾಯಿ ಜಾಡಿಯನ್ನು ತೊಳೆದು ತೆಗೆದುಕೊಂಡು ಮಾಳಿಗೆ ಹತ್ತಿದಳು. ಎದುರಿನ ಗುಡ್ಡದ ಮೇಲೆ ಬಂದೂಕು ಹಿಡಿದವರು ಕೂತಿದ್ದರು.

"ನಿನಗೇನು ಹುಚ್ಚಾ ಅಕ್ಕಾ?" ಎಂದು ನಾನು ಕೇಳಿದ್ದೆ. ಆಗ ನನಗೆ ಇಪ್ಪತ್ತೆರಡು. ಅವಳು, ಅವಳ ಗಂಡ ಸುಲ್ಯೋ, ನಾನು, ನನ್ನಮ್ಮ ನಾಲ್ವರೂ ಒಂದೇ ನೆಲಮಾಳಿಗೆಯಲ್ಲಿ ದಿನ ದೂಡುತ್ತಿದ್ದೆವು.

"ಕೆಲಸ ನಿಲ್ಲಿಸು ಅಂತ ಯಾರೂ ಕಾಗದ ಕಳಿಸಿಲ್ವಲ್ಲ," ಎಂದಳು.

ಯುದ್ಧದ ಆ ಮೂರೂವರೆ ವರ್ಷ ಕಾರ್ಖಾನೆಯ ಕುಲುಮೆಗಳು ಆರಿದ್ದವು. ಉಕ್ಕಿಗಾಗಿ ಕಲ್ಲಿದ್ದಲು ಬೇಯಿಸುವ ಕಾರ್ಖಾನೆ ಅದು, ನಮ್ಮ ಕಣಿವೆಯ ಅರ್ಧ ಜನಕ್ಕೆ ಅನ್ನ ಹಾಕಿದ್ದು. ಸುಲ್ಯೋ ಅಲ್ಲೇ ಕುಲುಮೆಯ ಬಾಗಿಲು ತೆಗೆಯುವ ಕೆಲಸದಲ್ಲಿದ್ದ. ಅದು ನಿಂತ ಮೇಲೆ ಮೆವ್ಲಿದಕ್ಕನ ಕಾಗದದ ಬಿಲ್ಲೆಗಳು ತಿಂಗಳಿಂದ ತಿಂಗಳಿಗೆ ಬೆಳ್ಳಗಾಗುತ್ತ ಬಂದವು. ಹೊಗೆಯ ಹಿಂದೆ ಒಂದು ಬೆಟ್ಟವಿದೆ ಎನ್ನುವುದನ್ನು ನಾನು ಮೊದಲ ಸಲ ಸರಿಯಾಗಿ ಕಂಡಿದ್ದು ಆಗ, ಅದೂ ಅದರ ಮೇಲಿಂದ ನಮ್ಮತ್ತ ಗುಂಡು ಹಾರಿಸುತ್ತಿದ್ದಾಗ. ನೆಲಮಾಳಿಗೆಯಲ್ಲಿ ಹುರಿದ ಬಾರ್ಲಿಯ ಕಷಾಯವನ್ನು ಕಾಫಿ ಎಂದು ಕುಡಿಯುತ್ತಿದ್ದೆವು. ಹಿಡಿಯಿಲ್ಲದ ಸಣ್ಣ ಕಾಫಿ ಬಟ್ಟಲು, ಅಂಚು ಒಡೆದದ್ದು, ನನ್ನ ಪಾಲಿಗೆ ಬಂದಿತ್ತು. ಯುದ್ಧ ಮುಗಿದ ಮೇಲೂ ಆ ಬಟ್ಟಲನ್ನು ಮೆವ್ಲಿದಕ್ಕ ಎಸೆಯಲಿಲ್ಲ. ಅವಳ ಮನೆಗೆ ಹೋದಾಗಲೆಲ್ಲ ಅದರಲ್ಲೇ ಕಾಫಿ. "ಝೆಲೋ, ಬಾರೋ, ನಿನ್ನ ಒಡಕು ಕಾಯ್ತಾ ಇದೆ" ಎಂದು ಮೆಟ್ಟಿಲಿಗೆ ಬಂದು ಕೂಗುತ್ತಿದ್ದಳು. ನನ್ನ ಪೂರ್ತಿ ಹೆಸರು ಝೆಲಿಮಿರ್. ಅದು ಅವಳಿಗೆ ಗೊತ್ತಿದೆಯೋ ಇಲ್ಲವೋ ಎಂದು ನನಗೇ ಅನುಮಾನವಿತ್ತು.

ಶಾಂತಿ ಬಂದು ಕೆಲವು ವರ್ಷಗಳಾದ ಮೇಲೆ ಕಾರ್ಖಾನೆಯನ್ನು ಹೊರದೇಶದ ಯಾರೋ ಕೊಂಡುಕೊಂಡು ಮತ್ತೆ ಹಚ್ಚಿದರು. ಮೊದಲ ಹೊಗೆ ಎದ್ದ ದಿನ ಇಡೀ ಊರು ಸೇತುವೆಯ ಮೇಲೆ ನಿಂತಿತ್ತು. ಬ್ಯಾಂಡು ಬಾರಿಸಿದರು. ಸುಲ್ಯೋ ಅತ್ತುಬಿಟ್ಟ. ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳು ಯಾಕೆ ಹೇಳಲಿ. ಹೊಗೆ ಎಂದರೆ ಸಂಬಳ, ಸಂಬಳ ಎಂದರೆ ಮಾಂಸ. ಹೊಗೆಗೂಡಿಗೆ ಮಸಿ ತಡೆಯುವ ಜಾಲರಿ ಹಾಕುತ್ತೇವೆ, ಎರಡು ವರ್ಷ ಕೊಡಿ ಎಂದು ಅವತ್ತು ಭಾಷಣ ಮಾಡಿದವರೆಲ್ಲ ಹೇಳಿದರು. ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ಪ್ರತಿ ಚುನಾವಣೆಯಲ್ಲೂ ಯಾರ ಗೋರಿ ಎಲ್ಲಿದೆ, ಯಾರ ಬಾವುಟ ಎಷ್ಟು ಎತ್ತರ, ಯಾರು ಮೊದಲು ಗುಂಡು ಹಾರಿಸಿದರು, ಇದೇ ಮಾತು. ಹೊಗೆಯ ಮಾತೆತ್ತಿದರೆ, "ನಾವು ಇನ್ನೂ ಸತ್ತವರ ಮೂಳೆ ಹುಡುಕುತ್ತಿದ್ದೇವೆ, ನಿಮಗೆ ಹೊಗೆಯದೇ ಚಿಂತೆಯಾ?" ಎಂದು ಬಾಯಿ ಮುಚ್ಚಿಸುತ್ತಾರೆ. ಮೂಳೆಯ ಹೆಸರು ಹೇಳಿದರೆ ಯಾರು ತಾನೇ ಎದುರು ಮಾತಾಡುತ್ತಾರೆ?

ಮೆವ್ಲಿದಕ್ಕನ ಬಿಲ್ಲೆಗಳು ಮತ್ತೆ ಕಪ್ಪಾದವು. ಸುಲ್ಯೋನ ಎದೆಯೂ ಕೆಟ್ಟಿತು. ಚಳಿಗಾಲದಲ್ಲಿ ಕಣಿವೆಯ ಮೇಲೆ ಮಂಜು ಮುಚ್ಚಳದ ಹಾಗೆ ಕೂರುತ್ತದೆ, ಅದರಡಿ ಹೊಗೆ, ಹೊಗೆಯಡಿ ನಾವು. ಪ್ರತಿ ನವೆಂಬರಿನಲ್ಲಿ ಅವಳು ಗಂಡನನ್ನು ಬೆಟ್ಟದ ಮೇಲಿನ ಹಳ್ಳಿಗೆ, ಮೈದುನನ ಮನೆಗೆ ಸಾಗಿಸುತ್ತಿದ್ದಳು. ಮಾರ್ಚಿಗೆ ವಾಪಸ್ಸು. ಸುಲ್ಯೋಗೆ ಅದು ಸುತರಾಂ ಇಷ್ಟವಿರಲಿಲ್ಲ. ಮೈದುನನ ಹೆಂಡತಿ ಕಿಟಕಿ ತೆಗೆಯಲು ಬಿಡುತ್ತಿರಲಿಲ್ಲ. ನಮ್ಮ ಜನ ಶೆಲ್ಲಿಗೂ ಅಷ್ಟು ಹೆದರಲಿಲ್ಲ. ಎದುರುಬದುರು ಎರಡು ಕಿಟಕಿ ತೆರೆದು ನಡುವೆ ಗಾಳಿ ಹಾದರೆ ಮನುಷ್ಯ ಸತ್ತೇಹೋಗುತ್ತಾನೆ ಎಂದು ಡಾಕ್ಟರುಗಳೂ ನಂಬುತ್ತಾರೆ.

"ಕಾರ್ಖಾನೆ ಹೊಗೆ ಕುಡಿದು ಸಾಯಬಹುದು, ಕಿಟಕಿ ಗಾಳೀಲಿ ಮಾತ್ರ ಸಾಯಬಾರದು," ಎನ್ನುತ್ತಿದ್ದ ಸುಲ್ಯೋ. ಅವನಿಗೆ ಎರಡು ಮಾತಿನ ನಡುವೆ ನಿಂತು ಉಸಿರೆಳೆದುಕೊಳ್ಳಬೇಕಾಗುತ್ತಿತ್ತು, ಆದರೂ ತಮಾಷೆ ಬಿಟ್ಟವನಲ್ಲ. ಒಂದು ದಿನ ಖಾಲಿ ಸಿಗರೇಟು ಪ್ಯಾಕು ತೋರಿಸಿದ. ಸೇದಿದರೆ ಸಾಯುತ್ತೀರಿ ಎಂದು ನಮ್ಮಲ್ಲಿ ಮೂರು ಭಾಷೆಗಳಲ್ಲಿ, ಅಂದರೆ ಒಂದೇ ಮಾತನ್ನು ಮೂರು ಸಲ ಅಚ್ಚು ಹಾಕುತ್ತಾರೆ. "ನೋಡು ಝೆಲೋ, ಇಷ್ಟುದ್ದದ ಸಿಗರೇಟಿಗೆ ಮೂರು ಸಲ. ಅಷ್ಟುದ್ದದ ಹೊಗೆಗೂಡಿಗೆ ಒಂದು ಸಲ ಬರೆಯೋಕ್ಕಾಗಲ್ವಾ ನಿಮಗೆ?"

ಬರೆಯಲು ಹೊರಟವಳು ಅವನ ಹೆಂಡತಿಯೇ. ಮೆವ್ಲಿದಕ್ಕ ಒಂದು ನಿಯಮದ ಕರಡು ತಯಾರಿಸಿದಳು. ಎರಡೇ ಪುಟ. ಅಳತೆ ಮಿತಿ ಮೀರಿದ ದಿನ ಕಾರ್ಖಾನೆ ಅರ್ಧ ಕುಲುಮೆಗಳನ್ನು ತಗ್ಗಿಸಬೇಕು, ಅಷ್ಟೇ. ಅದು ಆಗಿಬಿಟ್ಟರೆ ಸುಲ್ಯೋ ಚಳಿಗಾಲವನ್ನು ತನ್ನ ಅಡುಗೆಮನೆಯಲ್ಲಿ, ತನ್ನ ಕುರ್ಚಿಯಲ್ಲಿ ಕೂತು ಕಳೆಯಬಹುದು. ಅವಳಿಗೆ ಬೇಕಾಗಿದ್ದು ಅದೊಂದೇ. ಸೆಪ್ಟೆಂಬರಿನ ಸಭೆಯಲ್ಲಿ ಅದು ಹನ್ನೊಂದನೇ ವಿಷಯವಾಗಿ ಬಂತು.

ಅವಳು ಸದಸ್ಯರ ಮುಂದೆ ಎರಡು ಬಿಲ್ಲೆ ಇಟ್ಟಳು. ಒಂದು ಯುದ್ಧದ ಎರಡನೇ ವರ್ಷದ ಜನವರಿಯದು, ಬೆಳ್ಳಗಿತ್ತು. ಇನ್ನೊಂದು ಕಳೆದ ಜನವರಿಯದು, ಒಲೆಯ ತಳದಂತಿತ್ತು.

"ಅಂದ್ರೆ ಯುದ್ಧಾನೇ ಚೆನ್ನಾಗಿತ್ತು ಅಂತೀರಾ?" ಎಂದು ಯುದ್ಧದಲ್ಲಿ ಕಾಲು ಕಳೆದುಕೊಂಡಿದ್ದ ಒಬ್ಬ ಸದಸ್ಯ ಕೇಳಿದ.

"ನಾನು ಅನ್ನೋದೇನೂ ಇಲ್ಲ, ಸ್ವಾಮಿ. ಕಾಗದ ನೋಡಿ."

"ಕಾಗದ ನೋಡ್ತಾ ಇದ್ದೀನಿ," ಎಂದ ಇನ್ನೊಬ್ಬ. ಅವನು ನೋಡುತ್ತಿದ್ದುದು ಕರಡಿನ ತಲೆಬರಹವನ್ನು. "ಇಲ್ಲಿ ಜ್ರಾಕ್ ಅಂತಿದೆ. ನನ್ನ ಜನ ಜ್ರಾಕ್ ಉಸಿರಾಡಲ್ಲ, ವಾಜ್ದುಹ್ ಉಸಿರಾಡ್ತಾರೆ."

ನಮ್ಮಲ್ಲಿ ಗಾಳಿಗೆ ಜ್ರಾಕ್ ಎನ್ನುವವರಿದ್ದಾರೆ, ವಾಜ್ದುಹ್ ಎನ್ನುವವರಿದ್ದಾರೆ. ಸುಲ್ಯೋನಂಥ ಹಳಬರು ತುರ್ಕರು ಬಿಟ್ಟುಹೋದ ಪದದಲ್ಲಿ ಹವಾ ಎನ್ನುತ್ತಾರೆ. ಯುದ್ಧಕ್ಕೆ ಮೊದಲು ಯಾರು ಯಾವುದನ್ನು ಬೇಕಾದರೂ ಅನ್ನುತ್ತಿದ್ದರು, ಕೇಳಿಸಿಕೊಂಡವರು ಕಿಟಕಿ ತೆಗೆಯುತ್ತಿದ್ದರು. ಈಗ ಅವನು ಎದ್ದು ನಿಂತು, ಇದು ನನ್ನ ಜನಾಂಗದ ಉಳಿವಿನ ಪ್ರಶ್ನೆ ಎಂದು ಘೋಷಿಸಿದ. ಆ ಮಾತು ಆಡಿದರೆ ಸಭೆ ಮುಂದುವರಿಯುವ ಹಾಗಿಲ್ಲ, ಕಾನೂನೇ ಹಾಗಿದೆ. ಅಧ್ಯಕ್ಷ ನೆಜಾದ್ ಗಡಿಯಾರ ನೋಡಿಕೊಂಡು, ವಿಷಯವನ್ನು ಭಾಷಾ ಸಮಿತಿಗೆ ಒಪ್ಪಿಸಿದ. ಎಲ್ಲರೂ ಊಟಕ್ಕೆ ಎದ್ದರು. ಬಿಲ್ಲೆಗಳನ್ನು ಮೆವ್ಲಿದಕ್ಕ ಒಬ್ಬಳೇ ಎತ್ತಿಟ್ಟುಕೊಂಡಳು.

ಭಾಷಾ ಸಮಿತಿ ಏಳು ಸಲ ಕೂತಿತು. ಕಾರ್ಯದರ್ಶಿ ನಾನೇ. ಎರಡೂ ಪದಗಳನ್ನು ನಡುವೆ ಗೆರೆ ಹಾಕಿ ಬರೆಯೋಣ ಎಂದಾಯಿತು. ಗೆರೆಯ ಎಡಕ್ಕೆ ಯಾವುದು ಎಂದು ಮೂರು ವಾರ. ಬೆಸ ಪುಟದಲ್ಲಿ ಒಂದು ಮೊದಲು, ಸರಿ ಪುಟದಲ್ಲಿ ಇನ್ನೊಂದು ಮೊದಲು ಎಂದು ಒಬ್ಬ ಹೇಳಿದ. ಹಾಗಾದರೆ ಪುಟಗಳ ಸಂಖ್ಯೆ ಸಮವಾಗಿರಬೇಕು, ಒಂದನೇ ಪುಟ ಬೆಸ ಆದ್ದರಿಂದ ಅದು ಪಕ್ಷಪಾತ ಎಂದು ಇನ್ನೊಬ್ಬ ಹೇಳಿದ. ಮೂರನೆಯವನು, ಹಾಗಾದರೆ ಹವಾ ಏನು ಪಾಪ ಮಾಡಿತ್ತು ಎಂದ. ಇದನ್ನೆಲ್ಲ ನಾನು ಮೂರು ಭಾಷೆಗಳಲ್ಲಿ ಬರೆದುಕೊಂಡೆ. ಸಮಿತಿ ಕೂರುತ್ತಿದ್ದ ಕೋಣೆಯ ಕಿಟಕಿ ಹೊಗೆಗೆಂದು ಸದಾ ಮುಚ್ಚಿರುತ್ತಿತ್ತು.

ಅಕ್ಟೋಬರ್ ಕೊನೆಗೆ ಮೆವ್ಲಿದಕ್ಕನ ತಾಳ್ಮೆ ಮುಗಿಯಿತು. ಅಡುಗೆಮನೆಯಲ್ಲಿ ನನ್ನ ಒಡಕು ಬಟ್ಟಲಿಗೆ ಕಾಫಿ ಬಗ್ಗಿಸುತ್ತ, "ಮಂಜು ಬರೋಕೆ ಇನ್ನು ಎರಡು ವಾರ ಕಣೋ. ಪದದ ಕೆಲಸ ನಿಂದು. ಏನಾದ್ರೂ ಮಾಡು," ಎಂದಳು.

"ಕಾಫಿಗೂ ಮೂರು ಹೆಸರಿದೆ ನಮ್ಮಲ್ಲಿ," ಎಂದ ಸುಲ್ಯೋ ಕುರ್ಚಿಯಿಂದ. "ಕುಡಿಯೋದಂತೂ ಯಾರೂ ನಿಲ್ಲಿಸಿಲ್ಲ."

ಆಗ ನನಗೆ ಹೊಳೆಯಿತು. ಹೊಳೆದಾಗ ಎಷ್ಟು ಹೆಮ್ಮೆಪಟ್ಟೆ ಎನ್ನುವುದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. "ಗಾಳಿ ಅನ್ನೋ ಪದಾನೇ ಬೇಡ. ಅಟ್ಮೊಸ್ಫೆರಾ ಅಂತ ಹಾಕೋಣ, ವಾತಾವರಣ. ಗ್ರೀಕ್ ಪದ. ಮೂರು ಭಾಷೆಯಲ್ಲೂ ಒಂದೇ. ಯಾರೂ ಕಮಕ್ ಕಿಮಕ್ ಅನ್ನೋ ಹಾಗಿಲ್ಲ."

"ಸದ್ಯ, ಗ್ರೀಕರು ನಮ್ಮ ಮೇಲೆ ಗುಂಡು ಹಾರಿಸಿಲ್ಲ," ಎಂದ ಸುಲ್ಯೋ.

ಮೆವ್ಲಿದಕ್ಕ ಮಾತ್ರ ನಗಲಿಲ್ಲ. "ವಾತಾವರಣ ಅಂದ್ರೆ ಮೇಲಿರೋದೆಲ್ಲಾ ಸೇರಿ ಕಣೋ. ಮೋಡ, ವಿಮಾನ, ಎಲ್ಲಾ. ನಾನು ಅಳೆಯೋದು ಮೂಗಿಗೆ ಬರೋದನ್ನ. ಎರಡೂ ಒಂದೇ ಅಲ್ಲ."

"ಅಯ್ಯೋ, ಪದ ತಾನೇ ಅಕ್ಕಾ," ಎಂದೆ ನಾನು.

ಅವಳು ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು. "ಸರಿ ಹಾಗಾದ್ರೆ. ನಿನ್ನ ನಂಬ್ತೀನಿ," ಎಂದಳು.

ನವೆಂಬರಿನ ಮೊದಲ ವಾರ ವಾತಾವರಣ ನಿಯಮ ಒಂದೇ ಒಂದು ವಿರೋಧವಿಲ್ಲದೆ ಪಾಸಾಯಿತು. ಯುದ್ಧದ ನಂತರ ನಮ್ಮ ಪುರಸಭೆಯಲ್ಲಿ ಮೂರೂ ಕಡೆಯವರು ಒಟ್ಟಿಗೆ ಕೈ ಎತ್ತಿದ್ದು ಅದೇ ಮೊದಲು. ನೆಜಾದ್ ನನ್ನ ಬೆನ್ನು ತಟ್ಟಿದ. ಪತ್ರಿಕೆಯವರು ಫೋಟೋ ತೆಗೆದರು. ಮೆವ್ಲಿದಕ್ಕ ಪಾಕದಲ್ಲಿ ನೆನೆಸಿದ ಸಿಹಿ ಬಿಸ್ಕತ್ತು ಮಾಡಿ ಒಂದು ತಟ್ಟೆ ತಂದುಕೊಟ್ಟಳು. ಆ ವರ್ಷ ಸುಲ್ಯೋನನ್ನು ಬೆಟ್ಟಕ್ಕೆ ಕಳಿಸಲಿಲ್ಲ. "ತಮ್ಮನ ಹೆಂಡತಿ ಮುಚ್ಚಿದ ಕಿಟಕಿಯಿಂದ ಬಚಾವಾದೆ," ಎಂದು ಅವನು ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡ.

ಡಿಸೆಂಬರ್ ಹದಿನೆಂಟಕ್ಕೆ ಮಂಜು ಕೂತಿತು. ಹೊರದೇಶದ ದಾನಿಗಳು ಕೊಟ್ಟ ಅಳತೆಯ ಯಂತ್ರ ಪ್ರಯೋಗಾಲಯದ ಅಂಗಳದಲ್ಲಿತ್ತು. ಅದರ ಅಂಕಿ ಮಿತಿಯ ಐದು ಪಟ್ಟು ದಾಟಿತು. ಮೆವ್ಲಿದಕ್ಕ ನಿಯಮದ ಪ್ರತಿ ಹಿಡಿದು ಕಾರ್ಖಾನೆಗೆ ಫೋನ್ ಮಾಡಿದಳು. ಲಿಖಿತವಾಗಿ ಕಳಿಸಿ ಎಂದರು. ಕಳಿಸಿದಳು. ಮೂರನೇ ದಿನ ಕಾರ್ಖಾನೆಯ ವಕೀಲನ ಉತ್ತರ ಬಂತು, ಮರ್ಯಾದೆಯ ಕಾಗದ, ನಾಲ್ಕೇ ಸಾಲು. ಕಾನೂನು ಪುರಸಭೆಗೆ ಅಧಿಕಾರ ಕೊಟ್ಟಿರುವುದು ಗಾಳಿಯ ಮೇಲೆ; ಸದರಿ ನಿಯಮದಲ್ಲಿ ಗಾಳಿ ಎಂಬ ಪದ ಎಲ್ಲಿಯೂ ಇಲ್ಲ; ವಾತಾವರಣವು ರಾಜಧಾನಿಯ ಹವಾಮಾನ ಮತ್ತು ವಿಮಾನಯಾನದವರಿಗೆ ಸೇರಿದ್ದು; ಆದ್ದರಿಂದ ನಿಯಮವು ತಮಗೆ ಅನ್ವಯಿಸುವುದಿಲ್ಲ.

ನಾನು ಕಾಗದ ಹಿಡಿದುಕೊಂಡು ನೆಜಾದನ ಕೋಣೆಗೆ ಓಡಿದೆ.

"ನಾನೇನು ಮಾಡ್ಲಿ? ಪದ ನಿಂದು," ಎಂದ.

"ತುರ್ತು ಸಭೆ ಕರೀರಿ. ತಿದ್ದುಪಡಿ ಮಾಡೋಣ."

"ಕರೆದು? ಯಾವ ಪದ ಹಾಕ್ತೀಯ? ಮತ್ತೆ ಸಮಿತಿಗೇ ಹೋಗುತ್ತೆ. ರಜೆ ಕಳೀಲಿ ಬಿಡಪ್ಪಾ."

ರಜೆ ಎಂದರೆ ನಮ್ಮಲ್ಲಿ ಒಬ್ಬರ ಕ್ರಿಸ್‌ಮಸ್, ಆಮೇಲೆ ಹೊಸ ವರ್ಷ, ಆಮೇಲೆ ಜನವರಿ ಏಳಕ್ಕೆ ಇನ್ನೊಬ್ಬರ ಕ್ರಿಸ್‌ಮಸ್. ಡಿಸೆಂಬರ್ ಇಪ್ಪತ್ತೈದರಿಂದ ಜನವರಿ ಎಂಟರವರೆಗೆ ಪುರಸಭೆಯಲ್ಲಿ ಬೆಕ್ಕೂ ಇರುವುದಿಲ್ಲ. ಮೆವ್ಲಿದಕ್ಕ ಗಂಡನನ್ನು ಬೆಟ್ಟಕ್ಕೆ ಸಾಗಿಸಲು ಹೊರಟಳು. ಅಷ್ಟರಲ್ಲಿ ಮೇಲೆ ಹಿಮ ಬಿದ್ದು ದಾರಿ ಮುಚ್ಚಿತ್ತು. ಆಸ್ಪತ್ರೆ ಇದ್ದುದೂ ಇದೇ ಕಣಿವೆಯಲ್ಲಿ, ಇದೇ ಹೊಗೆಯಲ್ಲಿ. ಹದಿನಾರು ದಿನ ಅವಳು ಕಿಟಕಿಯ ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ ಅವನ ಪಕ್ಕ ಕೂತಳು. ನಾನು ದಿನಕ್ಕೆರಡು ಸಲ ಹೋಗುತ್ತಿದ್ದೆ. ಸುಲ್ಯೋಗೆ ಮಾತಾಡಲು ಆಗುತ್ತಿರಲಿಲ್ಲ. ಒಂದು ಸಾಯಂಕಾಲ ನನ್ನ ಕೈ ಹಿಡಿದುಕೊಂಡು ಒಂದೇ ಪದ ಹೇಳಿದ, "ಹವಾ." ಕಿಟಕಿ ತೆಗೆ ಎಂದನೋ, ಸಮಿತಿಗೆ ಇದನ್ನೂ ಬರೆದುಕೋ ಎಂದು ತಮಾಷೆ ಮಾಡಿದನೋ ಗೊತ್ತಿಲ್ಲ. ಜನವರಿ ಮೂರರ ಬೆಳಗ್ಗೆ ತೀರಿಕೊಂಡ. ಮೂರೂವರೆ ವರ್ಷ ಶೆಲ್ಲುಗಳ ಕೆಳಗೆ ಬದುಕಿದ ಮನುಷ್ಯ.

ನಮ್ಮಲ್ಲಿ ಯಾರಾದರೂ ಸತ್ತರೆ ಸುದ್ದಿಯನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಮರಕ್ಕೆ, ಕಂಬಕ್ಕೆ, ಬಸ್ ನಿಲ್ದಾಣಕ್ಕೆ ಅಂಟಿಸುತ್ತಾರೆ. ಹಸಿರು ಅಂಚಿದ್ದರೆ ಮುಸಲ್ಮಾನ, ಕಪ್ಪು ಅಂಚಿದ್ದರೆ ಕ್ರೈಸ್ತ. ಪುರಸಭೆಯ ನೋಟಿಸು ಯಾರೂ ಓದುವುದಿಲ್ಲ, ಸಾವಿನ ಹಾಳೆಯನ್ನು ಎಲ್ಲರೂ ನಿಂತು ಓದುತ್ತಾರೆ. ಆದರೆ ದೂರದಿಂದ ಅಂಚಿನ ಬಣ್ಣ ನೋಡಿ, ತಮ್ಮವರದಲ್ಲದಿದ್ದರೆ ದಾಟಿಹೋಗುತ್ತಾರೆ.

ಮೆವ್ಲಿದಕ್ಕ ಗಂಡನ ಮಣ್ಣು ಮುಗಿದ ಮೇಲೆ ಬಂದು ನನ್ನ ಬಾಗಿಲು ತಟ್ಟಿದಳು. "ಝೆಲೋ, ಮೂರು ಹಾಳೆ ಬೇಕು. ಒಂದು ಹಸಿರು, ಎರಡು ಕಪ್ಪು. ಕಪ್ಪಿನಲ್ಲಿ ಒಂದು ಕ್ರೊಯೇಷಿಯನ್ನರಿಗೆ ನಮ್ಮ ಲಿಪೀಲಿ, ಒಂದು ಸರ್ಬಿಯನ್ನರಿಗೆ ಅವರ ಲಿಪೀಲಿ. ನನಗೆ ಅರ್ಥ ಆಗಲಿಲ್ಲ ಅಂತ ಯಾವನೂ ಅನ್ನಬಾರದು. ಬರೆದುಕೊಡು."

ಬರೆದೆ. ಕಪ್ಪು ಹಾಳೆಯ ತಲೆಯಲ್ಲಿ ಶಿಲುಬೆ ಹಾಕುವ ಜಾಗ ಖಾಲಿ ಬಿಟ್ಟೆ. "ಸುಲೇಮಾನ್, ಅರುವತ್ತೇಳು ವರ್ಷ, ಕುಲುಮೆಯ ಕೆಲಸಗಾರ. ಯುದ್ಧದಲ್ಲಿ ಬದುಕಿದ. ಹವಾ ಸಾಲದೆ ತೀರಿಕೊಂಡ." ಇನ್ನೊಂದರಲ್ಲಿ ಜ್ರಾಕ್ ಸಾಲದೆ. ಮತ್ತೊಂದರಲ್ಲಿ ವಾಜ್ದುಹ್ ಸಾಲದೆ. ಇಷ್ಟು ವರ್ಷದ ಚಾಕರಿಯಲ್ಲಿ ನಾನು ಮಾಡಿದ ನಿಜವಾದ ಅನುವಾದ ಅದೊಂದೇ. ಇಬ್ಬರೂ ಸೇರಿ ಊರಿನ ತುಂಬ ಅಂಟಿಸಿದೆವು. ಕಾರ್ಖಾನೆಯ ಗೇಟಿನ ಮುಂದಿನ ಚೆಸ್ಟ್‌ನಟ್ ಮರಕ್ಕೆ ಮೂರನ್ನೂ ಒಟ್ಟಿಗೆ ಹಚ್ಚಿದೆವು. ಪಾಳಿ ಬದಲಾಗುವ ಹೊತ್ತಿಗೆ ಅಲ್ಲಿ ಜನ ನಿಂತರು. ಎಲ್ಲ ಕಡೆಯವರೂ ನಿಂತರು. ಮೂರನ್ನೂ ಓದಿದರು.

ಜನವರಿ ಒಂಬತ್ತಕ್ಕೆ ಕಚೇರಿ ತೆರೆಯಿತು. ಒಂಬತ್ತೂವರೆಗೆ ನೆಜಾದನ ಆದೇಶ ನನ್ನ ಮೇಜಿಗೆ ಬಂತು. ಮುಸಲ್ಮಾನನ ಹೆಸರನ್ನು ಕಪ್ಪು ಅಂಚಿನಲ್ಲಿ ಹಾಕಿದ್ದರಿಂದ ಮೂರೂ ಜನಾಂಗಗಳ ಭಾವನೆಗೆ ಧಕ್ಕೆಯಾಗಿದೆ, ಸದರಿ ಹಾಳೆಗಳನ್ನು ಕೂಡಲೇ ಕಿತ್ತುಹಾಕತಕ್ಕದ್ದು. ಮೂರು ಭಾಷೆಗಳಲ್ಲಿ ಬೇಕು, ಹತ್ತೂವರೆಯೊಳಗೆ. ನಾನು ಬೈದುಕೊಂಡೆ. ರಾಜೀನಾಮೆ ಕೊಡುತ್ತೇನೆ ಅಂದುಕೊಂಡೆ. ಆಮೇಲೆ ಪೆನ್ನು ತೆಗೆದು ಅನುವಾದ ಮಾಡಿದೆ. ಕೈಗೆ ಅಭ್ಯಾಸ ಅಂತ ಒಂದಿರುತ್ತದಲ್ಲ, ಆ ಕೈಯನ್ನೇ ಬೈಯಬೇಕು. ಕೆಳಗೆ ನನ್ನ ಮೊಹರು ಒತ್ತಿದೆ. ಯಾವ ಪದಕ್ಕೂ ಯಾರೂ ತಕರಾರು ತೆಗೆಯಲಿಲ್ಲ. ಮಧ್ಯಾಹ್ನದೊಳಗೆ ಊರಿನಲ್ಲಿ ಒಂದು ಕಪ್ಪು ಹಾಳೆಯೂ ಉಳಿಯಲಿಲ್ಲ. ಹದಿನೈದು ವರ್ಷದಲ್ಲಿ ಒಂದು ಜಾಲರಿ ಹಾಕಿಸಲಾರದ ಪುರಸಭೆ ಎರಡು ಗಂಟೆಯಲ್ಲಿ ಇಷ್ಟು ಕೆಲಸ ಮಾಡಿತು.

ಆದೇಶದ ಒಂದು ಪ್ರತಿ ಮೆವ್ಲಿದಕ್ಕನಿಗೂ ಹೋಗಿತ್ತು. ಸಾಯಂಕಾಲ ನಾನು ಕೆಳಗಿಳಿದು ಬಾಗಿಲು ತಟ್ಟಿದೆ. ಅವಳು ತೆಗೆದಳು. ಕಾಗದ ಅವಳ ಕೈಯಲ್ಲೇ ಇತ್ತು, ಹೆಬ್ಬೆರಳು ನನ್ನ ಮೊಹರಿನ ಮೇಲಿತ್ತು.

"ತಪ್ಪಾಯ್ತು ಅಕ್ಕಾ," ಎಂದೆ. "ಅವತ್ತಿನದೂ ನನ್ನ ತಪ್ಪೇ, ಇವತ್ತಿನದೂ."

"ಇರಲಿ ಬಿಡಿ," ಎಂದಳು. "ಪದ ತಾನೇ. ಒಳಗೆ ಬನ್ನಿ, ಝೆಲಿಮಿರ್ ಅವರೇ. ಕಾಫಿ ಮಾಡ್ತೀನಿ."

ಒಂದು ಕ್ಷಣ, ನನ್ನ ಬೆನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಅನ್ನಿಸಿತು. ಬೈದಿದ್ದರೆ, ಮುಖಕ್ಕೆ ಬಾಗಿಲು ಹಾಕಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋಗಿ ಸುಲ್ಯೋನ ಕುರ್ಚಿಯ ಎದುರು ಕೂತೆ. ಅವಳು ಮುಂದಿನ ಕೋಣೆಯ ಗಾಜಿನ ಬೀರುವಿನಿಂದ ಅತಿಥಿಗಳ ಬಟ್ಟಲು ತೆಗೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಚಿನ್ನದ ಗೆರೆಯ ತಟ್ಟೆಯಲ್ಲಿಟ್ಟು ನನ್ನ ಮುಂದೆ ಇಟ್ಟಳು. ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಳು. ನನ್ನ ಒಡಕು ಬಟ್ಟಲು ಸಿಂಕಿನ ಪಕ್ಕ ಬೋರಲು ಬಿದ್ದಿತ್ತು.